ಅಡ್ಡ ಬಂದ ನಾಯಿ

ಫೆಬ್ರುವರಿ 9

ಕಡ್ಡಿ,

ಅಕ್ಷರ ನೋಡಿ ಗಾಬರಿಯಾಗಬೇಡ, ನಾನೇ, ನಿನ್ನ ಅಕ್ಕ. ಎಡಗೈಯಲ್ಲಿ ಬರೀತಿದ್ದೀನಿ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸೋ ಹೆಂಗಸು ದಿನಾ ಒಂದು ಪುಟ ಬರೀಲೇಬೇಕು ಅಂದಿದ್ದಾಳೆ. ‘ಏನು ಬರೀಲಿ?’ ಅಂದೆ. ‘ಯಾರಿಗಾದರೂ ಕಾಗದ ಬರೀರಿ’ ಅಂದಳು. ಫೋನ್ ಮಾಡಿದರೆ ನೀನು ಎತ್ತಲ್ಲ. ಎತ್ತಿದರೂ ‘ಹೂಂ’ ಬಿಟ್ಟರೆ ಇನ್ನೊಂದು ಮಾತಿಲ್ಲ. ಹಾಗಾಗಿ ಈ ಸೊಟ್ಟ ಅಕ್ಷರ ನಿನ್ನ ಪಾಲಿಗೆ ಬಂತು.

ಮನೆಗೆ ಬಂದು ವಾರ ಆಯ್ತು. ಬಲಗೈ ಇದೆ, ಆದರೆ ಅದು ನನ್ನ ಮಾತು ಕೇಳಲ್ಲ. ಭುಜದ ಹತ್ತಿರ ನರ ಕಿತ್ತುಹೋಗಿದೆಯಂತೆ. ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ನೇತುಹಾಕಿದ್ದಾರೆ. ಚಿವುಟಿದರೂ ಗೊತ್ತಾಗಲ್ಲ, ಆದರೆ ಸಂಜೆಯಾದರೆ ಬೆರಳ ತುದಿ ಉರಿಯೋಕೆ ಶುರು. ಜೀವ ಇಲ್ಲದ ಕೈ ಉರಿಯೋದು ಹೇಗೆ ಅಂತ ಡಾಕ್ಟರನ್ನ ಕೇಳಿದೆ. ಅವರು ಏನೋ ಚಿತ್ರ ಬರೆದು ತೋರಿಸಿದರು. ಉರಿ ಹಾಗೇ ಇದೆ.

ನನ್ನ ಬ್ಯೂಟಿ ಪಾರ್ಲರನ್ನ ಈಗ ಜೊತೆ ಕೆಲಸದವಳು, ನಮ್ಮ ಉದ್ದಕ್ಕ ನೋಡ್ಕೊಳ್ತಿದ್ದಾಳೆ. ಆ ಎತ್ತರದಿಂದ ತಲೆ ತೊಳೆಯೋಕೆ ಬಗ್ಗಿ ಬಗ್ಗಿ ಅವಳ ಸೊಂಟ ಹೋಗಿದೆ, ಬಾಯಿ ಮಾತ್ರ ಗಟ್ಟಿ. ಅವತ್ತು ನೀನೂ ನಾನೂ ನಿನ್ನ ಕಾರಿನಲ್ಲಿ ತರೋಕೆ ಹೋಗಿದ್ದ ಪಾರ್ಲರ್ ಕುರ್ಚಿಯನ್ನ ಪೊಲೀಸರು ಬಿಟ್ಟುಕೊಟ್ಟರು. ಕಾರು ಮುದ್ದೆಯಾಯ್ತಲ್ಲ, ಹಿಂದಿನಿಂದ ಜಾರಿ ನನ್ನ ಭುಜಕ್ಕೆ ಬಡಿದ ಆ ಕುರ್ಚಿಗೆ ಒಂದು ಗೀರೂ ಬಿದ್ದಿಲ್ಲ. ಎಷ್ಟು ಭಾರ ಇದೆ ಅಂದರೆ ಒಳಗೆ ತರೋಕೆ ಮೂರು ಜನ ಬೇಕಾದರು. ಬಂದವರೆಲ್ಲ ಅದರಲ್ಲೇ ಕೂರಬೇಕು ಅಂತಾರೆ. ಮೆತ್ತಗಿದೆಯಂತೆ.

ನೀನು ಆಸ್ಪತ್ರೆಗೆ ಬಂದಾಗ ಬಾಗಿಲ ಹತ್ತಿರವೇ ನಿಂತುಬಿಟ್ಟೆ. ಒಳಗೆ ಬಾರೋ ಅನ್ನೋಣ ಅಂದರೆ ನನ್ನ ಬಾಯಲ್ಲಿ ನಳಿಗೆ ಇತ್ತು. ಆಮೇಲೆ ನೀನು ಬರಲೇ ಇಲ್ಲ. ಹಣೆಯ ಹೊಲಿಗೆ ಬಿಚ್ಚಿದರಾ?

ಪುಟ ಮುಗೀತು, ಬೆರಳೂ ಸೋತಿತು.

ನಿನ್ನ ಅಕ್ಕ


ಫೆಬ್ರುವರಿ 26

ಅಕ್ಕ,

ಕಾಗದ ಸಿಕ್ತು. ಡ್ಯೂಟಿ ಜಾಸ್ತಿ, ಅದಕ್ಕೇ ಬರೋಕಾಗಲಿಲ್ಲ. ಹೊಲಿಗೆ ಬಿಚ್ಚಿದರು, ಗಾಯ ಮಾಯ್ದಿದೆ.

ಪೊಲೀಸರು ನನ್ನ ಹೇಳಿಕೆ ಬರ್ಕೊಂಡು ಹೋದರು. ನಾಯಿ ಅಡ್ಡ ಬಂತು, ತಪ್ಪಿಸೋಕೆ ಹೋಗಿ ಮರಕ್ಕೆ ಹೊಡೆದೆ ಅಂತ. ಯಾರ ತಪ್ಪೂ ಅಲ್ಲ ಅಂತ ಅಲ್ಲಿಗೆ ಮುಗಿಸಿದ್ದಾರೆ.

ನೀನು ಔಷಧಿ ತಪ್ಪಿಸಬೇಡ. ಇವಳೂ ಮಗಳೂ ನಿನ್ನನ್ನ ಕೇಳಿದರು ಅಂತ ಹೇಳೋಕೆ ಹೇಳಿದ್ದಾರೆ.

ತಮ್ಮ


ಮಾರ್ಚ್ 18

ಕಡ್ಡಿ,

ಹದಿನೈದು ದಿನ ನಾಯಿಯ ವಿಷಯಾನೇ ಯೋಚನೆ ಮಾಡ್ದೆ. ಅಷ್ಟರಲ್ಲಿ ನಿನ್ನ ಕಾರಿನ ವಿಮೆ ಕಂಪನಿಯಿಂದ ನನಗೊಂದು ಕಾಗದ ಬಂತು. ಪ್ರಾಣಿ ಅಡ್ಡ ಬಂದು ಆದ ಅಪಘಾತ, ಚಾಲಕನ ತಪ್ಪಿಲ್ಲ, ಆದ್ದರಿಂದ ಪಕ್ಕದಲ್ಲಿ ಕೂತಿದ್ದವಳಿಗೆ ಏನೂ ಕೊಡೋಕಾಗಲ್ಲ, ಬೇಗ ಗುಣವಾಗಲಿ ಅಂತ ಹಾರೈಸ್ತೀವಿ. ಹಾರೈಕೆಗೂ ಮೊಹರು ಒತ್ತಿದ್ದರು.

ಉದ್ದಕ್ಕ ಅದನ್ನ ಓದಿದವಳೇ ನನ್ನನ್ನ ಎಳ್ಕೊಂಡು ಹೊರಟಳು. ಕೋರ್ಟಿನ ಹಿಂದೆ ಜೆರಾಕ್ಸ್ ಅಂಗಡಿ, ಅದರ ಮೇಲೆ ಒಂದು ಕೋಣೆ. ದುಡ್ಡಿಲ್ಲದವರಿಗೆ ಪುಕ್ಕಟೆ ಕಾನೂನು ನೆರವು ಕೊಡ್ತಾರೆ. ಮೆಟ್ಟಿಲಿಗೆ ಬಲಗಡೆ ಮಾತ್ರ ಕಂಬಿ. ನಾನು ಗೋಡೆ ಸವರಿಕೊಂಡೇ ಹತ್ತಿದೆ. ಬೆಂಚಿನ ಮೇಲೆ ಕಾಲಿಗೆ ಪ್ಲಾಸ್ಟರ್ ಹಾಕಿದವರು, ಮಷೀನಿಗೆ ಬೆರಳು ಕೊಟ್ಟವರು, ಗಂಡನ ಫೋಟೊ ಹಿಡಿದುಕೊಂಡವರು. ಮದುವೆ ಮನೆಯಲ್ಲಿ ಪಂಕ್ತಿಗೆ ಕಾದ ಹಾಗೆ ಕಾದೆವು.

ವಕೀಲಮ್ಮ ವಯಸ್ಸಾದವರು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನ ಕಾಗದ. ತಿನ್ನುತ್ತಲೇ ಓದಿದರು.

‘ಚಾಲಕನ ಅಜಾಗರೂಕತೆ ಅಂತ ತೋರಿಸಿದರೆ ಕಂಪನಿ ಕೊಡಲೇಬೇಕು. ಗಾಡಿ ಓಡಿಸ್ತಿದ್ದದ್ದು ಯಾರು?’

‘ನನ್ನ ತಮ್ಮ.’

ಅವರು ಡಬ್ಬಿ ಮುಚ್ಚಿಟ್ಟರು. ‘ಹಾಗಾದರೆ ಎದುರು ಪಕ್ಷ ನಿಮ್ಮ ತಮ್ಮ.’

‘ಅವನ ಮೇಲೆ ನಾನು ಕೇಸು ಹಾಕಬೇಕಾ?’

‘ಕಾಗದದ ಮೇಲೆ. ಕೊಡೋದು ಕಂಪನಿ. ಆದರೆ ತಪ್ಪು ಅವನದೇ ಅಂತ ಸಾಬೀತಾಗಬೇಕು. ಅವನೇನು ಕೆಲಸ ಮಾಡ್ತಾನೆ?’

‘ಬಸ್ ಡ್ರೈವರ್.’

ಅವರು ಅದನ್ನೂ ಬರ್ಕೊಂಡರು. ಆಮೇಲೆ, ‘ನಿಮಗೆ ನಾಯಿ ಕಾಣಿಸ್ತಾ?’ ಅಂದರು.

‘ತಮ್ಮನ್ನ ಕೇಳಿ ಹೇಳ್ತೀನಿ’ ಅಂದೆ.

‘ನಿಮ್ಮ ಕಣ್ಣಿಗೆ ಬಿದ್ದದ್ದನ್ನ ತಮ್ಮನ್ನ ಕೇಳಬೇಕಾ?’ ಅಂದರು. ಬೈದದ್ದಲ್ಲ, ಮೆತ್ತಗೇ ಕೇಳಿದರು.

ಅದಕ್ಕೇ ಕೇಳ್ತಿದ್ದೀನಿ ಕಡ್ಡಿ. ಆ ನಾಯಿ ಯಾವ ಕಡೆಯಿಂದ ಬಂತು?

ಅಕ್ಕ


ಏಪ್ರಿಲ್ 1

ಅಕ್ಕ,

ಎಡಗಡೆಯಿಂದ ಬಂತು. ಕಂದು ಬಣ್ಣದ್ದು. ನೀನು ಚೀಲದಲ್ಲಿ ಏನೋ ಹುಡುಕ್ತಿದ್ದೆ, ನಿನಗೆ ಹೇಗೆ ಕಾಣಿಸಬೇಕು?

ಇಷ್ಟು ವರ್ಷ ಬಸ್ಸು ಓಡಿಸಿದ್ದೀನಿ, ಒಂದು ಪಕ್ಕದ ಕನ್ನಡಿ ಮುರಿದಿಲ್ಲ. ನನ್ನ ತಪ್ಪು ಅಂತ ಕೋರ್ಟು ಬರೆದರೆ ಡಿಪೋದವರು ಮಾರನೇ ದಿನದಿಂದ ಸ್ಟೀರಿಂಗ್ ಮುಟ್ಟೋಕೆ ಬಿಡಲ್ಲ. ನನಗೆ ಬೇರೆ ಯಾವ ಕೆಲಸ ಬರತ್ತೆ ಹೇಳು.

ಆ ವಕೀಲಮ್ಮನಿಗೆ ಇನ್ನೊಂದು ವಿಷಯಾನೂ ಹೇಳು. ಅವತ್ತು ಬೆಳಿಗ್ಗೆ ನಾನು ಫೋನಿನಲ್ಲಿ ಏನಂದೆ? ರಾತ್ರಿಯೆಲ್ಲ ಬಸ್ಸು ಓಡಿಸಿ ಈಗ ತಾನೇ ಬಂದಿದ್ದೀನಿ, ನಾಳೆ ಹೋಗೋಣ ಅಂದೆ. ನಾಳೆಗೆ ಕುರ್ಚಿ ಬೇರೆಯವರ ಪಾಲಾಗತ್ತೆ, ಈಗಲೇ ಬಾ ಅಂದವಳು ನೀನು.

ತಮ್ಮ


ಏಪ್ರಿಲ್ 12

ಕಡ್ಡಿ,

ಹೌದು, ನಾನೇ ಅಂದೆ. ಒಂದು ಕೈಯಲ್ಲಿ ಕುಪ್ಪಸದ ಗುಂಡಿ ಹಾಕ್ಕೊಳ್ಳೋಕೆ ಬೆಳಿಗ್ಗೆ ತುಂಬಾ ಹೊತ್ತು ಹಿಡಿಯತ್ತೆ, ಆ ಹೊತ್ತೆಲ್ಲ ಅದೇ ಮಾತು ತಲೆಯಲ್ಲಿ. ವಕೀಲಮ್ಮನಿಗೆ ಅದನ್ನೂ ಹೇಳಿದ್ದೀನಿ. ಕೋರ್ಟಿನಲ್ಲಿ ಕೇಳಿದರೆ ಅಲ್ಲೂ ಹೇಳ್ತೀನಿ.

ಆದರೆ ನಾನು ಚೀಲದಲ್ಲಿ ಏನೂ ಹುಡುಕ್ತಿರಲಿಲ್ಲ. ಕುರ್ಚಿಯನ್ನ ಕಿಟಕಿ ಪಕ್ಕ ಇಡೋದಾ, ದೊಡ್ಡ ಕನ್ನಡಿ ಮುಂದೆ ಇಡೋದಾ ಅಂತ ನಿನ್ನನ್ನ ಕೇಳ್ತಿದ್ದೆ. ಎರಡು ಸಲ ಕೇಳಿದೆ. ನೀನು ಉತ್ತರ ಕೊಡಲಿಲ್ಲ. ನಿನ್ನ ಕಡೆ ತಿರುಗಿದೆ. ಮುಂದಿನದು ನಿನಗೂ ಗೊತ್ತು. ಅಥವಾ ಗೊತ್ತಿಲ್ಲ, ತೊಂದರೆ ಇರೋದೇ ಅಲ್ಲಿ. ಅದಕ್ಕಿಂತ ಹೆಚ್ಚು ಬರೆಯಲ್ಲ.

ಪಾರ್ಲರಿನಲ್ಲಿ ಎಡಗೈಯಲ್ಲಿ ಕತ್ತರಿ ಹಿಡಿದು ನೋಡಿದೆ. ನಮ್ಮ ಕತ್ತರಿಗಳೆಲ್ಲ ಬಲಗೈಯವರಿಗೆ ಮಾಡಿದ್ದು, ಎಡಗೈಯಲ್ಲಿ ಹಿಡಿದರೆ ಕೂದಲು ಮಡಚಿಕೊಳ್ಳತ್ತೆ, ಕತ್ತರಿಸಲ್ಲ. ತುಂಬಾ ವರ್ಷದಿಂದ ಬರೋ ಒಬ್ಬ ಟೀಚರಮ್ಮ ‘ನನ್ನ ತಲೆ ಮೇಲೆ ಕಲೀರಿ’ ಅಂತ ಕೂತರು. ಕಿವಿಗೆ ಕತ್ತರಿ ತಾಗಿಸಿಬಿಟ್ಟೆ. ರಕ್ತ ಒರೆಸಿಕೊಂಡು, ಏನೂ ಆಗಿಲ್ಲ ಅಂತ ನಕ್ಕು ಹೋದರು. ಆಮೇಲೆ ಅವರು ಬಂದಿಲ್ಲ. ನಾನೀಗ ಬಾಗಿಲ ಪಕ್ಕ ಕೂತು ಬಂದವರಿಗೆ ‘ಬನ್ನಿ, ಕೂತ್ಕೊಳ್ಳಿ’ ಅಂತೀನಿ. ಉದ್ದಕ್ಕ ಕತ್ತರಿಸಿದ ಕೂದಲನ್ನ ದೂರದಿಂದ ನೋಡ್ತೀನಿ. ಹಿಂಭಾಗ ಒಂದೆಳೆ ಉದ್ದ ಬಿಟ್ಟಿರ್ತಾಳೆ. ಹೇಳಲ್ಲ.

ಇನ್ನೂ ಕೇಸು ಹಾಕಿಲ್ಲ. ಹಾಕಿದ ಮೇಲೆ ನನ್ನನ್ನ ಕೇಳಿದರೆ ಸುಳ್ಳು ಹೇಳೋಕಾಗಲ್ಲ, ಅದಕ್ಕೇ ಮೊದಲೇ ನಿನ್ನನ್ನ ಕೇಳ್ತಿದ್ದೀನಿ. ಬೇಡ ಅಂತ ಒಂದು ಮಾತು ಬರಿ. ಬಿಟ್ಟುಬಿಡ್ತೀನಿ.

ಅಕ್ಕ


ಏಪ್ರಿಲ್ 29

ಅತ್ತಿಗೆಯವರಿಗೆ ನಮಸ್ಕಾರ.

ನಾನು ನಿಮ್ಮ ನಾದಿನಿ. ಇವರಿಗೆ ಗೊತ್ತಿಲ್ಲದ ಹಾಗೆ ಬರೀತಿದ್ದೀನಿ. ನಿಮ್ಮ ಕಾಗದ ಓದಿ ಜೇಬಲ್ಲಿಟ್ಟುಕೊಂಡರು. ಉತ್ತರ ಬರೆಯೋಕೆ ಕೂತು ಎದ್ದರು, ಕೂತು ಎದ್ದರು, ಬರೀಲಿಲ್ಲ.

ಇವರು ಮಲಗೋದೇ ಇಲ್ಲ ಅತ್ತಿಗೆ. ಮಂಚದ ತುದಿಯಲ್ಲಿ ಕೂತಿರ್ತಾರೆ. ಕಣ್ಣು ಮುಚ್ಚಿದರೆ ಬೆಚ್ಚಿ ಏಳ್ತಾರೆ. ‘ಏನಾದರೂ ಮಾತಾಡ್ತಿರು, ನಾನು ನಿದ್ದೆ ಮಾಡದ ಹಾಗೆ ನೋಡ್ಕೋ’ ಅಂತಾರೆ. ಏನು ಮಾತಾಡಲಿ? ಮನೆ ಸಾಮಾನು, ಪಕ್ಕದ ಮನೆ ಜಗಳ, ಎಲ್ಲ ಮುಗೀತು. ಬೆಳಿಗ್ಗೆ ಮುಖಕ್ಕೆ ತಣ್ಣೀರು ಹೊಡ್ಕೊಂಡು ಡ್ಯೂಟಿಗೆ ಹೋಗ್ತಾರೆ.

ನಾಯಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೇಳಿಲ್ಲ. ಕೇಸು ಮಾತ್ರ ಹಾಕಬೇಡಿ ಅಂತ ಕೈಮುಗಿದು ಕೇಳ್ಕೊಳ್ತೀನಿ. ನಿಮಗೆ ಹೋದದ್ದು ಒಂದು ಕೈ. ಇವರ ಕೆಲಸ ಹೋದರೆ ನಮಗೆ ಇಡೀ ಮನೆಯೇ ಹೋಗತ್ತೆ. ಈ ಮಾತು ಬರೆದು ನನಗೇ ಕೆಟ್ಟದೆನಿಸ್ತಿದೆ, ಆದರೂ ಹೊಡೆದುಹಾಕಲ್ಲ.

ನಿಮ್ಮ ನಾದಿನಿ


ಮೇ 10

ನಾದಿನಿಗೆ,

ಒಂದು ಕೈ ಅಂತ ಬರೆದೆಯಲ್ಲ, ಅದಕ್ಕೆ ನನಗೆ ಬೇಜಾರಿಲ್ಲ. ಈ ಕೆಲವು ತಿಂಗಳಲ್ಲಿ ನೇರವಾಗಿ ಮಾತಾಡಿದವಳು ನೀನೊಬ್ಬಳೇ. ನೀನು ಇಷ್ಟೇ ಬರೆದಿದ್ದರೆ ನಾನು ಸುಮ್ಮನಾಗ್ತಿದ್ದೆ, ನಿಜ ಹೇಳ್ತೀನಿ.

ಆದರೆ ಅವನು ನಿದ್ದೆ ಮಾಡಲ್ಲ ಅಂತ ಬರೆದೆ. ನಿದ್ದೆ ಇಲ್ಲದವನು ಬೆಳಿಗ್ಗೆ ಎದ್ದು ಬಸ್ಸು ತುಂಬಾ ಜನರನ್ನ ಕೂರಿಸ್ಕೊಂಡು ಹೋಗ್ತಾನೆ ಅಂತಾನೂ ಬರೆದೆ. ಆ ಬಸ್ಸಿನಲ್ಲಿ ಅವನ ಪಕ್ಕ ಕೂತು ಮಾತಾಡಿಸೋಕೆ ಯಾರಿದ್ದಾರೆ?

ಡಿಪೋದಲ್ಲಿ ಹೇಳಿ ರಜೆ ಹಾಕು ಅಂದರೆ ಅವನು ಹಾಕಲ್ಲ. ಯಾಕೆ ಅಂತ ಕೇಳ್ತಾರೆ, ಹೇಳಬೇಕಾಗತ್ತೆ. ನನಗೆ ಗೊತ್ತು ಅವನ ಸ್ವಭಾವ.

ನಾಳೆ ವಕೀಲಮ್ಮನ ಹತ್ತಿರ ಹೋಗಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರ್ತೀನಿ. ಎಡಗೈ ಸಹಿ ಇನ್ನೂ ಒಂದೇ ಥರ ಬರ್ತಿಲ್ಲ. ನನ್ನ ಕೈಗೋಸ್ಕರ ಹೋಗ್ತಿದ್ದೀನಿ, ಇಲ್ಲ ಅನ್ನಲ್ಲ. ಅದಕ್ಕೋಸ್ಕರ ಮಾತ್ರ ಅಲ್ಲ.

ನನ್ನನ್ನ ಬೈದುಕೋ. ಮಗುವಿನ ಮುಂದೆ ಬೇಡ.

ನಿನ್ನ ಅತ್ತಿಗೆ


ಜುಲೈ 16

ಅಕ್ಕ,

ನೋಟಿಸ್ ಬಂತು. ಮೇಲೆ ನಿನ್ನ ಹೆಸರು, ಕೆಳಗೆ ನನ್ನ ಹೆಸರು, ಮಧ್ಯೆ ‘ವಿರುದ್ಧ’ ಅಂತ ಒಂದು ಪದ. ಆ ಪದವನ್ನ ಎಷ್ಟು ಹೊತ್ತು ನೋಡ್ತಾ ಕೂತಿದ್ದೆನೋ ಗೊತ್ತಿಲ್ಲ.

ವಿಮೆ ಕಂಪನಿ ವಕೀಲರು ಮನೆಗೇ ಬಂದಿದ್ದರು. ಒಳ್ಳೆ ಬಟ್ಟೆ, ಒಳ್ಳೆ ಮಾತು. ‘ನಾಯಿಯನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ನೀವೂ ಉಳೀತೀರಿ ನಾವೂ ಉಳೀತೀವಿ’ ಅಂದರು. ನಿನ್ನ ವಿಷಯ ಕೇಳಿದೆ. ‘ಅವರದು ಪಾಪ’ ಅಂದರು. ಅಷ್ಟೇ.

ಇವಳು ನಿನಗೆ ಬರೆದದ್ದೂ, ನೀನು ಉತ್ತರ ಕೊಟ್ಟದ್ದೂ ನೋಟಿಸ್ ಬಂದ ಮೇಲೆ ಗೊತ್ತಾಯ್ತು. ನಿನ್ನ ಕಾಗದ ನನ್ನ ಕೈಗೆ ಕೊಟ್ಟಳು. ಓದಿ ಮಾರನೇ ದಿನ ಡಿಪೋಗೆ ಜ್ವರ ಅಂತ ಹೇಳಿ ಕಳಿಸಿದೆ. ಇನ್ನೂ ಜ್ವರವೇ ನಡೀತಿದೆ.

ಅವತ್ತು ಕೋರ್ಟಿಗೆ ಬರ್ತೀನಿ. ಏನು ಹೇಳ್ತೀನೋ ನನಗೇ ಗೊತ್ತಿಲ್ಲ.

ತಮ್ಮ


ಆಗಸ್ಟ್ 21

ಕಡ್ಡಿ,

ನೀನು ಕೋರ್ಟಿನಿಂದ ಹಿಂದೆ ತಿರುಗಿ ನೋಡದೆ ಹೋದೆ. ಉದ್ದಕ್ಕ ಕೂಗಿದಳು, ನಿನಗೆ ಕೇಳಿಸಲಿಲ್ಲವೇನೋ. ಅಲ್ಲಿ ಹೇಳೋಕಾಗದ್ದನ್ನ ಇಲ್ಲಿ ಹೇಳ್ತೀನಿ.

ಆ ವಿಷಯವನ್ನ ನಾನು ನಿನಗೆ ಯಾವತ್ತೂ ಹೇಳಬಾರದು ಅಂತಿದ್ದೆ. ನೀನು ನಿದ್ದೆ ಹೋಗಿದ್ದೆ ಅಂತ ಮಾತ್ರ ಹೇಳಿ ಇಳಿದುಬಿಡೋಣ ಅಂತ ಕಟಕಟೆ ಹತ್ತಿದೆ. ಹಾಗೇ ಹೇಳಿದೆ ಕೂಡ. ಆ ಒಳ್ಳೆ ಬಟ್ಟೆಯ ಕಂಪನಿ ವಕೀಲರು ಬಿಡಲಿಲ್ಲ. ‘ನಿಮ್ಮ ಬೆನ್ನ ಹಿಂದೆ ಸೀಟಿನ ಒರಗು ಇತ್ತಲ್ಲ, ಹಿಂದಿನಿಂದ ಜಾರಿದ ಕುರ್ಚಿ ನಿಮ್ಮ ಬಲಭುಜಕ್ಕೆ ಹೇಗೆ ಬಡೀತು?’ ಅಂದರು. ಎರಡು ಸೀಟಿನ ಮಧ್ಯೆ ಕೈ ಚಾಚಿದ್ದೆ ಅಂದೆ. ‘ಯಾಕೆ ಚಾಚಿದ್ರಿ? ಸ್ಟೀರಿಂಗ್ ಎಳೆದಿರಾ? ಅಪಘಾತ ಆದದ್ದು ನಿಮ್ಮಿಂದಲೇ ಅಲ್ಲವೇ?’

ನ್ಯಾಯಾಧೀಶರು, ‘ಹೇಳಮ್ಮ, ಯಾಕೆ?’ ಅಂದರು.

‘ಅವನನ್ನ ಎಬ್ಬಿಸೋಕೆ’ ಅಂದೆ.

ಆಗ ನಿನ್ನನ್ನ ನೋಡಬಾರದಿತ್ತು, ನೋಡಿಬಿಟ್ಟೆ. ಚಿಕ್ಕವನಿದ್ದಾಗ ಬಿದ್ದು ಮಂಡಿ ಕೆತ್ತಿಕೊಂಡು ಬಂದರೆ, ಅಳೋ ಮೊದಲು ಒಂದು ಗಳಿಗೆ ಬಾಯಿ ತೆರೆದು ನಿಲ್ತಿದ್ದೆಯಲ್ಲ, ಹಾಗೆ ನಿಂತಿದ್ದೆ.

ಆಮೇಲೆ ನಿನ್ನನ್ನ ಕರೆದರು. ಆ ವಕೀಲರು ನಿನ್ನನ್ನ ಕಂಪನಿ ಕಡೆಯವನು ಅಂದ್ಕೊಂಡೇ ಕೇಳಿದರು. ‘ನಿಮ್ಮ ಅಕ್ಕ ಹೇಳಿದ್ದು ಸುಳ್ಳು ತಾನೇ?’

‘ನಮ್ಮಕ್ಕ ಸುಳ್ಳು ಹೇಳಲ್ಲ’ ಅಂದೆ.

‘ಹಾಗಾದರೆ ನಾಯಿ?’ ಅಂದರು. ನೀನು ತಲೆ ಅಲ್ಲಾಡಿಸಿದೆ. ಬಾಯಿಬಿಟ್ಟು ಹೇಳಿ ಅಂತ ನ್ಯಾಯಾಧೀಶರು ಅಂದ ಮೇಲೆ, ‘ಇರಲಿಲ್ಲ’ ಅಂದೆ. ಟೈಪ್ ಮಾಡೋನಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿಸಿದರು.

ವಕೀಲಮ್ಮ ಹೊರಗೆ ಬಂದು ನನ್ನ ಬೆನ್ನು ತಟ್ಟಿದರು. ಗೆದ್ದ ಹಾಗೇ ಅಂತೆ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಾನೇ ಬಾ ಅಂದೆ ಅಂತಾನೂ ಹೇಳಿದ್ದೀನಿ. ಅದನ್ನೂ ಬರ್ಕೊಂಡರು. ಅದು ನಿನಗೆ ಎಷ್ಟು ಉಪಯೋಗಕ್ಕೆ ಬರತ್ತೋ ಗೊತ್ತಿಲ್ಲ.

ಅಕ್ಕ


ಸೆಪ್ಟೆಂಬರ್ 15

ಅಕ್ಕ,

ಡಿಪೋದವರು ಬಸ್ಸಿನಿಂದ ಇಳಿಸಿದರು. ಪೊಲೀಸರ ಮುಂದೆ ಬೇರೆ ಹೇಳಿದ್ದಕ್ಕೆ ಅಲ್ಲೂ ಹೋಗಿ ತಲೆ ತಗ್ಗಿಸಿ ನಿಂತು ಬಂದೆ. ದೊಡ್ಡವರು ಒಬ್ಬರು ಪುಣ್ಯಾತ್ಮರು ಪೂರ್ತಿ ಮನೆಗೆ ಕಳಿಸಲಿಲ್ಲ. ಬಸ್ಸು ತೊಳೆಯೋ ಕಡೆ ಹಾಕಿದ್ದಾರೆ. ಸಂಬಳ ಅರ್ಧ. ಮನೆ ಬದಲಾಯಿಸಿದೆವು, ವಿಳಾಸ ಈ ಕಾಗದದ ಹಿಂದೆ ಬರೆದಿದ್ದೀನಿ.

ನೀನು ಹೇಳಿದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ ಆ ಕೈ ಚಾಚಿದ್ದು ಯಾಕೆ ಅಂತ ಗೊತ್ತಿಲ್ಲದೆ ಇದ್ದಾಗ ನಾನು ಹೇಗೋ ಇದ್ದೆ. ಈಗ ನಿನ್ನ ಅಕ್ಷರ ನೋಡಿದರೆ ಕಾಗದ ಮಡಚಿಟ್ಟುಬಿಡ್ತೀನಿ. ಅದು ಎಡಗೈ ಅಕ್ಷರ ಅಂತ ಗೊತ್ತಾಗತ್ತಲ್ಲ.

ಸ್ವಲ್ಪ ದಿನ ಬರೀಬೇಡ ಅಕ್ಕ.

ತಮ್ಮ


ನವೆಂಬರ್ 4

ನಾದಿನಿಗೆ,

ಅವನು ಬರೀಬೇಡ ಅಂದಿದ್ದಾನೆ. ನಾನು ಅವನಿಗೆ ಬರೀತಿಲ್ಲ, ನಿನಗೆ ಬರೀತಿದ್ದೀನಿ. ಅವನು ಓದೋ ಹಾಗಿಲ್ಲ ಅಂತ ಹೇಳು. ಓದಿದರೂ ಓದಿಲ್ಲ ಅಂದ್ಕೊಳ್ಳಲಿ.

ತೀರ್ಪು ಬಂತು. ಕಂಪನಿ ಕೊಡಬೇಕು ಅಂತಾಗಿದೆ. ಉದ್ದಕ್ಕ ಪಾರ್ಲರಿನಲ್ಲಿದ್ದವರಿಗೆಲ್ಲ ಚಹಾ ತರಿಸಿದಳು. ಎಲ್ಲರೂ ನನ್ನ ಕೈ ಕುಲುಕೋಕೆ ಬಂದರು, ಯಾವ ಕೈ ಅಂತ ಗೊತ್ತಾಗದೆ ನಿಂತರು. ನಾನು ನಕ್ಕೆ, ಅವರೂ ನಕ್ಕರು. ರಾತ್ರಿ ಮನೆಗೆ ಬಂದು ದೀಪ ಹಾಕದೆ ಕೂತೆ. ಯಾರನ್ನ ಸೋಲಿಸಿ ಬಂದೆ ಅಂತ ಯೋಚನೆಯಾಯ್ತು.

ನಿಮ್ಮ ಮನೆ ಖರ್ಚಿಗೆ ಅಂತ ಸ್ವಲ್ಪ ಕಳಿಸಿದ್ದೆ, ವಾಪಸ್ಸು ಬಂತು. ಇನ್ನು ಕಳಿಸಲ್ಲ. ಮಗುವಿನ ಶಾಲೆಯವರ ಹತ್ತಿರ ನಾನೇ ಮಾತಾಡ್ತೀನಿ, ಅದಕ್ಕೆ ಬೇಡ ಅನ್ನೋಕೆ ಅವನಿಗೆ ಹಕ್ಕಿಲ್ಲ, ಅವಳು ನನಗೂ ಮಗಳೇ.

ಪಾರ್ಲರನ್ನ ಉದ್ದಕ್ಕನಿಗೇ ಬಿಟ್ಟುಕೊಟ್ಟೆ. ಬೇರೆಯವರ ತಲೆಯನ್ನ ದೂರದಿಂದ ನೋಡ್ತಾ ಕೂರೋಕೆ ನನ್ನ ಕೈಲಾಗಲ್ಲ. ವಕೀಲಮ್ಮನ ಕೋಣೆಯಲ್ಲಿ ಒಬ್ಬರು ಬೇಕಿತ್ತು. ಮೆಟ್ಟಿಲು ಹತ್ತಿ ಬಂದವರನ್ನ ಕೂರಿಸಿ, ಏನಾಯ್ತು ಅಂತ ಮೊದಲು ಕೇಳೋ ಕೆಲಸ. ನನ್ನ ಕೈ ನೋಡಿದರೆ ಅವರಿಗೆ ಹೇಳೋಕೆ ಸಲೀಸಾಗತ್ತೆ. ಮೊನ್ನೆ ಒಬ್ಬ ಗಂಡಸು ಬಂದು, ‘ಎದುರು ಪಕ್ಷ ನಮ್ಮಪ್ಪ’ ಅಂದ. ನಾನು ಅವನಿಗೆ ನೀರು ಕೊಟ್ಟು, ಇನ್ನೇನೂ ಕೇಳದೆ ಪಕ್ಕದಲ್ಲಿ ಕೂತೆ.

ಅವನು ಈಗಲಾದರೂ ನಿದ್ದೆ ಮಾಡ್ತಾನಾ? ಅದೊಂದು ಮಾತು ಬರಿ.

ಅತ್ತಿಗೆ


ಜನವರಿ 22

ಅಕ್ಕ,

ನೀನು ಇವಳಿಗೆ ಬರೆದ ಕಾಗದಗಳನ್ನೆಲ್ಲ ಓದಿದ್ದೀನಿ. ಓದಿಲ್ಲ ಅಂದ್ಕೊಂಡೇ ಓದಿದೆ.

ನಿದ್ದೆ ಬರ್ತಿದೆ. ಕೋರ್ಟಿನಿಂದ ಬಂದ ರಾತ್ರಿಯೇ ಬಂತು. ನಾಚಿಕೆಗೆಟ್ಟು ಮಲಗಿದೆ, ಮಾರನೇ ದಿನ ಮಧ್ಯಾಹ್ನ ಎದ್ದೆ. ಆ ವಿಷಯ ನಿನಗೆ ಬರೆಯೋಕೆ ಮನಸ್ಸು ಬರಲಿಲ್ಲ. ನಿನ್ನ ಕೈ ಸಂಜೆ ಉರೀತಿರತ್ತೆ, ನಾನು ಮಲಗಿ ಗೊರಕೆ ಹೊಡೀತೀನಿ ಅಂತ ಹೇಗೆ ಬರೀಲಿ?

ಇವತ್ತು ಒಂದು ವಿಷಯ ಆಯ್ತು. ಮಗಳನ್ನ ಶಾಲೆಯಿಂದ ಕರ್ಕೊಂಡು ಬರ್ತಿದ್ದೆ. ಮೂಲೆಯ ಅಂಗಡಿ ಮುಂದೆ ಒಂದು ನಾಯಿ ಮಲಗಿತ್ತು, ಮುದಿ ನಾಯಿ, ಯಾರ ತಂಟೆಗೂ ಹೋಗದ್ದು. ಮಗಳು ನನ್ನ ಕೈ ಬಿಡಿಸ್ಕೊಂಡು, ಕಲ್ಲು ತಗೊಂಡು ಹೊಡೆದಳು. ಪಕ್ಕೆಗೆ ಬಿತ್ತು, ಅದು ಕುಂಯ್ ಅಂತ ಎದ್ದು ಓಡ್ತು. ಇನ್ನೊಂದು ಕಲ್ಲು ಎತ್ತಿದಳು. ನಾನು ಕೈ ಹಿಡಿದೆ.

‘ಯಾಕೆ ಹೊಡೀತೀಯ?’

‘ಅತ್ತೆ ಕೈ ಮುರಿದದ್ದು ನಾಯಿ ತಾನೇ?’ ಅಂದಳು. ದಿನಾ ಹೊಡೀತಾಳಂತೆ ಅಕ್ಕ. ಕಂಡ ಕಂಡ ನಾಯಿಗೆಲ್ಲ. ಒಂದು ವರ್ಷದಿಂದ.

ಅಲ್ಲೇ ರಸ್ತೆ ಬದಿಯಲ್ಲಿ ಕೂತುಕೊಂಡೆ. ಅವಳ ಕೈಲಿದ್ದ ಕಲ್ಲು ತಗೊಂಡು ಕೆಳಗಿಟ್ಟೆ. ನಾಯಿ ಏನೂ ಮಾಡಲಿಲ್ಲ, ಅಪ್ಪ ಗಾಡಿ ಓಡಿಸ್ತಾ ನಿದ್ದೆ ಮಾಡಿಬಿಟ್ಟ, ಅತ್ತೆ ಎಬ್ಬಿಸೋಕೆ ಕೈ ಚಾಚಿದಳು ಅಂತ ಹೇಳಿದೆ. ನ್ಯಾಯಾಧೀಶರ ಮುಂದೆ ಹೇಳಿದ್ದು ಇದರ ಮುಂದೆ ಏನೂ ಅಲ್ಲ.

ಅವಳು ಅಳಲಿಲ್ಲ, ಬೈಯಲಿಲ್ಲ. ನನ್ನ ಪಕ್ಕದಲ್ಲಿ ನಡೆದಳು. ಮನೆ ಹತ್ತಿರ ಬಂದ ಮೇಲೆ ಕೇಳಿದಳು.

‘ಇದು ಅತ್ತೆಗೆ ಗೊತ್ತಾ?’

‘ಗೊತ್ತು.’

‘ಆದರೂ ನಮಗೆ ಕಾಗದ ಬರೀತಾರಾ?’

ಅತ್ತೆಯನ್ನೇ ಕೇಳೋಣ ಅಂದೆ ಅಕ್ಕ. ಅವಳು ಇನ್ನೂ ಕಾಯ್ತಿದ್ದಾಳೆ. ನೀನೇ ಬಂದು ಹೇಳು.

ನಿನ್ನ ಕಡ್ಡಿ